ಆ ಕೈ ಇರಲಿ ಬಿಡಿ

ಮನೇಲಿ ಮಗು ಹುಟ್ಟಿದಾಗ ಎಲ್ಲರಿಗೂ ಕೈತುಂಬ ಕೆಲಸ, ಅಪ್ಪನೊಬ್ಬನನ್ನು ಬಿಟ್ಟು. ಹಾಲು ಕುಡಿಸೋಕೆ ಅಮ್ಮ ಇದ್ದಾಳೆ. ಎಣ್ಣೆ ಹಚ್ಚಿ ನೀರು ಹುಯ್ಯೋಕೆ ಅಜ್ಜಿ ಇದ್ದಾರೆ. ಹೆಸರು ಸೂಚಿಸೋಕೆ ನೆಂಟರಿಷ್ಟರ ಪಡೆಯೇ ಇದೆ. ಮೂಗು ಯಾರ ಥರ ಅಂತ ತೀರ್ಮಾನ ಮಾಡೋಕೆ ಪಕ್ಕದ ಮನೆಯವರೂ ಬರ್ತಾರೆ. ಅಪ್ಪ ಅನ್ನಿಸಿಕೊಂಡವನು ಬಾಗಿಲ ಹತ್ರ ನಿಂತೂ ನಿಂತೂ ಕೊನೆಗೆ ಜೇಬಿನಿಂದ ಫೋನ್ ತೆಗೀತಾನೆ. ಅಲ್ಲಿಂದ ಶುರು.

ಈ ಚಾಳಿ ನಮ್ಮ ಇಂಜಿನಿಯರುಗಳಿಗೆ ಹಳೇದು. 1957ರಲ್ಲಿ ಅಮೆರಿಕದ ನ್ಯಾಷನಲ್ ಬ್ಯೂರೋ ಆಫ್ ಸ್ಟ್ಯಾಂಡರ್ಡ್ಸ್‌ನಲ್ಲಿದ್ದ ರಸೆಲ್ ಕಿರ್ಶ್ ಮತ್ತವರ ತಂಡ ಫೋಟೋವನ್ನು ಕಂಪ್ಯೂಟರಿನೊಳಗೆ ಸೇರಿಸೋ ಯಂತ್ರವೊಂದನ್ನು ಕಟ್ಟಿದರು. ಅಂದರೆ ನಮ್ಮ ಇವತ್ತಿನ ಸ್ಕ್ಯಾನರಿನ ಮುತ್ತಜ್ಜ. ಪ್ರಯೋಗಕ್ಕೆ ಅಂತ ಕಿರ್ಶ್ ಅದಕ್ಕೆ ಕೊಟ್ಟಿದ್ದು ತನ್ನ ಮೂರು ತಿಂಗಳ ಮಗನ ಫೋಟೋ. ಅಡ್ಡಕ್ಕೆ 176 ಚುಕ್ಕಿ, ಉದ್ದಕ್ಕೆ 176 ಚುಕ್ಕಿ, ಒಟ್ಟು 30,976. ಇವತ್ತು ವಾಟ್ಸಾಪಿನ ಡಿಪಿ ಕೂಡ ಅದಕ್ಕಿಂತ ದೊಡ್ಡದಿರುತ್ತೆ. ಆಮೇಲೆ 1997ರ ಜೂನ್ 11ರಂದು ಕ್ಯಾಲಿಫೋರ್ನಿಯಾದ ಸಾಂತಾ ಕ್ರೂಜ್‌ನಲ್ಲಿ ಫಿಲಿಪ್ ಕಾನ್ ಅನ್ನೋರು, ಹೆಂಡತಿ ಹೆರಿಗೆ ನೋವು ತಿನ್ನುತ್ತಿದ್ದಾಗ, ಆಸ್ಪತ್ರೆಯಲ್ಲೇ ಕೂತು ಡಿಜಿಟಲ್ ಕ್ಯಾಮೆರಾ, ಮೊಬೈಲು, ಲ್ಯಾಪ್‌ಟಾಪು ಮೂರನ್ನೂ ಒಂದಕ್ಕೊಂದು ಗಂಟು ಹಾಕಿದರು. ಆಗಷ್ಟೇ ಹುಟ್ಟಿದ ಮಗಳ ಫೋಟೋ ಅಲ್ಲಿಂದಲೇ ಸುಮಾರು 2000 ಜನಕ್ಕೆ ಹೋಯಿತು. ಮೊಬೈಲಿನಿಂದ ಕ್ಷಣಮಾತ್ರದಲ್ಲಿ ಫೋಟೋ ಹಂಚೋ ರೂಢಿ ಶುರುವಾದದ್ದೇ ಹೀಗೆ ಅಂತಾರೆ. ಆ ಹೊತ್ತಲ್ಲಿ ಆಕೆ ಗಂಡನಿಗೆ ಏನು ಬೈದರೋ ಗೊತ್ತಿಲ್ಲ.

ನನ್ನ ಮಗಳಿಗೆ ಈಗ ಹದಿನಾಲ್ಕು ತಿಂಗಳು. ಲ್ಯಾಪ್‌ಟಾಪಲ್ಲಿ ಅವಳ ಫೋಟೋ ಆರು ಸಾವಿರ ಚಿಲ್ಲರೆ ಇವೆ. ಆಫೀಸಲ್ಲಿ ಹೊಸದಾಗಿ ಅಪ್ಪಂದಿರಾದ ಹುಡುಗರು ಕಾಫಿ ಮಷಿನ್ ಹತ್ರ ಸಿಕ್ಕಾಗ, "ಮಗು ಫೋಟೋ ಚೆನ್ನಾಗಿ ಬರ್ತಾನೇ ಇಲ್ಲ ಗುರೂ, ಯಾವ ಕ್ಯಾಮೆರಾ ತಗೊಳ್ಳಲಿ?" ಅಂತ ಕೇಳ್ತಾರೆ. ಕ್ಯಾಮೆರಾ ಯಾವುದಾದ್ರೂ ನಡೆಯುತ್ತೆ. ನಾನು ಕಂಡುಕೊಂಡ ಮಿಕ್ಕ ವಿಷಯಗಳನ್ನು ಇಲ್ಲಿ ಒಂದೇ ಕಡೆ ಬರೆದಿಡ್ತಿದ್ದೀನಿ.

ಮೊದಲನೇದು ಬೆಳಕು. ನನ್ನ ಹೆಂಡತಿಯ ತವರು ತಿಪಟೂರಿನ ಹತ್ರದ ಹಳ್ಳಿ. ಬಾಣಂತನ ಅಲ್ಲೇ ಆಯಿತು. ನಾನು ಶುಕ್ರವಾರ ಸಂಜೆ ಬೆಂಗಳೂರಲ್ಲಿ ರೈಲು ಹತ್ತಿ ಹೋಗಿ ಭಾನುವಾರ ವಾಪಸ್ಸಾಗುತ್ತಿದ್ದೆ. ಬಾಣಂತಿ ಕೋಣೆ ಹೇಗಿರುತ್ತೆ ಅಂತ ನಿಮಗೆ ಗೊತ್ತೇ ಇದೆ. ಥಂಡಿ ಗಾಳಿ ಆಡಬಾರದು ಅಂತ ಕಿಟಕಿಗೆ ಹಳೇ ಸೀರೆ, ಬಾಗಿಲಿಗೆ ಇನ್ನೊಂದು ಸೀರೆ. ಒಳಗೆ ಮಟಮಟ ಮಧ್ಯಾಹ್ನದಲ್ಲೂ ಸಂಜೆ. ಇಂಥ ಕಡೆ ಯಾರಿಗಾದರೂ ಫ್ಲ್ಯಾಶ್ ಹಾಕೋಣ ಅನ್ನಿಸುತ್ತೆ. ಹಾಕಬೇಡಿ. ಮಗು ಬೆಚ್ಚಿಬೀಳುತ್ತೆ, ಅದರ ಮುಖ ಸುಣ್ಣ ಹೊಡೆದ ಗೋಡೆ ಥರ ಚಪ್ಪಟೆಯಾಗಿ ಕಾಣುತ್ತೆ, ಹಿಂದೆ ಕರ್ರಗೆ ನೆರಳು ಬೀಳುತ್ತೆ. ಅದರ ಬದಲು ಮಗು ಎದ್ದಾಗ ಬೆಳಕಿರೋ ಕಡೆ ಎತ್ತಿಕೊಂಡು ಬರೋದು ಸುಲಭ.

ಆ ಮನೆ ನಡುಮನೆಯ ಹೆಂಚಿನ ಮಾಡಿನಲ್ಲಿ ಎರಡು ಗಾಜಿನ ಹೆಂಚುಗಳಿವೆ. ಬೆಳಿಗ್ಗೆ ಹತ್ತರಿಂದ ಹನ್ನೆರಡರವರೆಗೆ ಅಲ್ಲಿಂದ ಬಿಸಿಲು ಕೋಲು ಹಾಗೆ ನೆಲಕ್ಕೆ ಇಳಿಯುತ್ತೆ. ಮಗುವನ್ನು ಆ ಬಿಸಿಲಲ್ಲೇ ಮಲಗಿಸಿದ್ರೆ ಕಣ್ಣು ಮುಚ್ಚಿಕೊಂಡು ಅಳುತ್ತೆ. ಬಿಸಿಲಿನ ಮಚ್ಚೆಯಿಂದ ಎರಡು ಮೊಳ ಆಚೆಗೆ ಚಾಪೆ ಹಾಕಿ ಮಲಗಿಸಿದ್ರೆ ನೆಲಕ್ಕೆ ಬಿದ್ದು ಚದುರಿದ ಮೆತ್ತನೆ ಬೆಳಕು ಒಂದು ಪಕ್ಕದಿಂದ ಮುಖಕ್ಕೆ ಸಿಗುತ್ತೆ. ಇನ್ನೊಂದು ಪಕ್ಕ ತೀರಾ ಕತ್ತಲಾಯಿತಾ? ನಮ್ಮ ಮಾವನ ಬಿಳಿ ಪಂಚೆಯನ್ನು ಆ ಕಡೆ ಕುರ್ಚಿಗೆ ಇಳಿಬಿಟ್ಟರೆ ಮುಗೀತು. ಸ್ಟುಡಿಯೋದವರು ರಿಫ್ಲೆಕ್ಟರ್ ಅಂತ ಕರೆಯೋದು ಇದನ್ನೇ. ಬೆಂಗಳೂರಿನ ಫ್ಲಾಟಲ್ಲಿ ಗಾಜಿನ ಹೆಂಚು ಎಲ್ಲಿಂದ ತರೋದು ಅಂದ್ರೆ, ನೇರ ಬಿಸಿಲು ಬೀಳದ ಯಾವ ಕಿಟಕಿಯಾದರೂ ಆಗುತ್ತೆ. ಟ್ಯೂಬ್‌ಲೈಟು ಬಲ್ಬು ಎರಡನ್ನೂ ಆರಿಸಿ. ಇಲ್ಲಾಂದ್ರೆ ಮಗುವಿನ ಒಂದು ಕೆನ್ನೆ ಹಳದಿ, ಇನ್ನೊಂದು ನೀಲಿ. ಬೆಳಕು ಹಣೆಯ ಕಡೆಯಿಂದಲೋ ಪಕ್ಕದಿಂದಲೋ ಬರಲಿ. ಗಲ್ಲದ ಕೆಳಗಿನಿಂದ ಬಂದ್ರೆ ಎಂಥಾ ಮುದ್ದು ಮಗುವೂ ನಾಟಕದ ರಾಕ್ಷಸನ ಥರ ಕಾಣುತ್ತೆ.

ಎರಡನೇದು, ಕೆಳಗೆ ಬನ್ನಿ. ದೊಡ್ಡವರು ನಿಂತಲ್ಲೇ ನಿಂತು ಬಗ್ಗಿ ಫೋಟೋ ತೆಗೀತಾರೆ. ಅದರಲ್ಲಿ ಮಗುವಿಗೆ ತಲೆ ದೊಡ್ಡದು, ಕಾಲು ಚಿಕ್ಕದು. ಬೋರಲು ಬಿದ್ದ ಮಗುವಿನ ಫೋಟೋ ಬೇಕಾದ್ರೆ ನೀವೂ ಬೋರಲು ಮಲಗಬೇಕು. ಫೋನನ್ನು ಮೂಗಿನ ಹತ್ರ ಹಿಡಿದ್ರೂ ಮೂಗು ಉಬ್ಬಿಕೊಳ್ಳುತ್ತೆ. ಎರಡು ಹೆಜ್ಜೆ ಹಿಂದೆ ಸರಿದು ಜೂಮ್ ಲೆನ್ಸಿದ್ದರೆ ಅದನ್ನು ಬಳಸಿ. ಫೋಕಸ್ ಯಾವಾಗಲೂ ಕಣ್ಣಿಗೆ, ಅದರಲ್ಲೂ ಹತ್ತಿರದ ಕಣ್ಣಿಗೆ.

ಮೂರನೇದು ವೇಗ. ನಿದ್ದೆ ಮಾಡೋ ಮಗುವಿಗೆ ಸೆಕೆಂಡಿನ 1/60 ಶಟರ್ ಸಾಕು. ಕೈಕಾಲು ಆಡಿಸೋಕೆ, ಅಂಬೆಗಾಲಿಡೋಕೆ ಶುರುಮಾಡಿದ ಮೇಲೆ 1/250ಕ್ಕಿಂತ ಕಮ್ಮಿ ಇಟ್ಟರೆ ಕೈ ಇರೋ ಜಾಗದಲ್ಲಿ ಮೋಡ ಬರುತ್ತೆ. ಅದಕ್ಕೋಸ್ಕರ ಐಎಸ್‌ಓ ಏರಿಸಬೇಕಾದ್ರೆ ಧಾರಾಳವಾಗಿ ಏರಿಸಿ. ಫೋಟೋದಲ್ಲಿ ಒಂಚೂರು ರವೆ ರವೆ ಕಂಡರೆ ಯಾರೂ ಬೇಜಾರು ಮಾಡ್ಕೊಳ್ಳಲ್ಲ. ಮುಖ ಅಲುಗಾಡಿದ್ರೆ ಸರಿಮಾಡೋ ಸಾಫ್ಟ್‌ವೇರನ್ನು ನಾನಂತೂ ಇನ್ನೂ ಕಂಡಿಲ್ಲ.

ನಾಲ್ಕನೇದು ತಾಳ್ಮೆ. ಹುಟ್ಟಿದ ಮಗುವಿಗೆ ಸ್ಪಷ್ಟವಾಗಿ ಕಾಣೋದೇ ಇಪ್ಪತ್ತು ಮೂವತ್ತು ಸೆಂಟಿಮೀಟರ್ ದೂರದವರೆಗೆ. ಎದೆಗೆ ಒತ್ತಿಕೊಂಡವರ ಮುಖ ಇರೋದೂ ಸರಿಸುಮಾರು ಅಷ್ಟೇ ದೂರದಲ್ಲಿ. ಹಾಗಾಗಿ ಆರಡಿ ಆಚೆ ನಿಂತು "ಚಿನ್ನೂ, ಇಲ್ನೋಡು" ಅಂತ ಚಿಟಿಕೆ ಹೊಡೆದ್ರೆ ಪ್ರಯೋಜನ ಇಲ್ಲ. ಎದುರಿನವರ ಮುಖ ನೋಡಿ ನಗೋ ನಗು ಬರೋದಕ್ಕೆ ಆರರಿಂದ ಎಂಟು ವಾರ ಬೇಕು. ಅದಕ್ಕೂ ಮೊದಲು ನಿದ್ದೇಲಿ ಬರೋ ನಗುವನ್ನು ನಮ್ಮ ಕಡೆ ದೇವರು ನಗಿಸ್ತಾನೆ ಅಂತಾರೆ. ಅದು ದೇವರ ಟೈಮ್‌ಟೇಬಲ್ಲು, ಕಾಯಬೇಕಷ್ಟೇ.

ಐದನೇದನ್ನು ಯಾವ ಪುಸ್ತಕದಲ್ಲೂ ಬರೆದಿರಲ್ಲ. ತಿಪಟೂರು ಸೀಮೆ ಅಂದ್ರೆ ಕೊಬ್ಬರಿ. ಮನೇಲಿ ಎಲ್ಲರ ಕೈಯಲ್ಲೂ ಎಣ್ಣೆ. ಆ ಕೈಯಲ್ಲಿ ಹಿಡಿದ ಫೋನಿನ ಲೆನ್ಸು ಎಲ್ಲವನ್ನೂ ಹಳೇ ಸಿನಿಮಾದ ಕನಸಿನ ಹಾಡಿನ ಥರ ತೋರಿಸುತ್ತೆ. ಫೋಟೋ ಮಂಜಾಗಿದ್ರೆ ಹೊಸ ಫೋನಿಗೆ ದುಡ್ಡು ಕೊಡೋ ಮುಂಚೆ ಬನಿಯನ್ ಅಂಚಿನಿಂದ ಲೆನ್ಸ್ ಒರೆಸಿ ನೋಡಿ.

ಇಷ್ಟು ಮಾಡಿದ್ರೆ ಫೋಟೋ ಚೆನ್ನಾಗಿ ಬರುತ್ತೆ. ಆದರೆ ನಾನು ಹೇಳಬೇಕು ಅಂತ ಕೂತಿದ್ದು ಇಷ್ಟಕ್ಕೇ ಅಲ್ಲ. ಚೌಕಟ್ಟಿನೊಳಗೆ ಯಾರು ಇರಬೇಕು ಅನ್ನೋದು ಇನ್ನೂ ಬಾಕಿ ಇದೆ.

ನಾನು ಕ್ಯಾಮೆರಾ ಎತ್ತಿದ ತಕ್ಷಣ ಆ ಮನೇಲಿ ಹೆಂಗಸರೆಲ್ಲ ಪಕ್ಕಕ್ಕೆ ಸರೀತಿದ್ರು. ಮಗುವನ್ನು ಎತ್ತಿಕೊಂಡಿದ್ದ ನಮ್ಮತ್ತೆ ಕೈ ಮಾತ್ರ ಉಳಿಸಿ ಮೈಯೆಲ್ಲ ಆಚೆ ಎಳ್ಕೊಳ್ಳೋರು. "ಬೆಳಿಗ್ಗೆಯಿಂದ ತಲೇನೂ ಬಾಚಿಲ್ಲ, ನನ್ನ ಬಿಟ್ಟು ಮಗೂದ್ ತೆಗೀರಿ." ನಾಮಕರಣಕ್ಕೆ ಬಂದ ನಮ್ಮವ್ವನೂ ಅದನ್ನೇ ಹೇಳಿತು, ಇನ್ನೊಂಚೂರು ಖಾರವಾಗಿ. "ನನ್ ಮಕ ಏನ್ ನೋಡ್ತೀಯೋ, ಕೂಸಿಂದ್ ತೆಗಿ."

ಹತ್ತೊಂಬತ್ತನೇ ಶತಮಾನದ ಯುರೋಪು, ಅಮೆರಿಕದ ಮಕ್ಕಳ ಫೋಟೋಗಳಲ್ಲಿ ಒಂದು ವಿಚಿತ್ರ ಇದೆ. ಆಗಿನ ಕ್ಯಾಮೆರಾಕ್ಕೆ ಒಂದು ಚಿತ್ರ ಹಿಡಿಯೋಕೆ ಹಲವು ಸೆಕೆಂಡು ಬೇಕಾಗ್ತಿತ್ತು. ಅಷ್ಟು ಹೊತ್ತು ಯಾವ ಮಗು ಅಲುಗಾಡದೆ ಕೂರುತ್ತೆ? ಅದಕ್ಕೆ ಅಮ್ಮನನ್ನೇ ಕುರ್ಚಿ ಮೇಲೆ ಕೂರಿಸಿ, ತಲೆಯಿಂದ ಕಾಲಿನವರೆಗೆ ಬಟ್ಟೆ ಮುಚ್ಚಿ, ಅವಳ ತೊಡೆ ಮೇಲೆ ಮಗುವನ್ನು ಕೂರಿಸ್ತಿದ್ರು. ಬಟ್ಟೆಯೊಳಗಿಂದ ಅಮ್ಮ ಮಗುವನ್ನು ಗಟ್ಟಿಯಾಗಿ ಹಿಡಿದಿರ್ತಿದ್ದಳು. ಫೋಟೋಗೆ ಕಟ್ಟು ಹಾಕುವಾಗ ಸಾಧ್ಯವಾದಷ್ಟೂ ಅವಳನ್ನು ಮರೆ ಮಾಡ್ತಿದ್ರು. ಈಗ ಆ ಫೋಟೋಗಳನ್ನು ನೋಡಿದ್ರೆ ಮಗುವಿನ ಹಿಂದೆ ಮನುಷ್ಯಾಕಾರದ ಒಂದು ಬಟ್ಟೆ ಗುಡ್ಡ ಕೂತಿರುತ್ತೆ. ಇಂಗ್ಲಿಷಿನಲ್ಲಿ ಇವಕ್ಕೆ ಅಡಗಿದ ತಾಯಂದಿರ ಫೋಟೋಗಳು ಅಂತಲೇ ಹೆಸರು.

ಈಗ ಆ ತೊಂದರೆ ಇಲ್ಲ ಅಂದುಕೊಳ್ಳಬೇಡಿ. ಹಸುಗೂಸು ತನ್ನ ಎರಡೂ ಅಂಗೈ ಮೇಲೆ ಗಲ್ಲ ಊರಿಕೊಂಡು ಕಪ್ಪೆ ಥರ ಕೂತು ನಿದ್ದೆ ಮಾಡೋ ಫೋಟೋ ನೀವು ನೋಡಿರ್ತೀರ. ಹುಟ್ಟಿದ ಎರಡು ವಾರದೊಳಗೆ, ಮಗು ಸದಾ ನಿದ್ದೇಲಿರುವಾಗ, ಸ್ಟುಡಿಯೋದವರು ತೆಗೀತಾರೆ. ನಿಜಕ್ಕೂ ಆ ವಯಸ್ಸಲ್ಲಿ ಯಾವ ಮಗುವಿನ ಕತ್ತೂ ತಲೆಯ ಭಾರ ಹೊರಲ್ಲ. ಅದು ಎರಡು ಫೋಟೋ ಸೇರಿಸಿ ಮಾಡಿದ್ದು. ಒಂದರಲ್ಲಿ ಯಾರೋ ತಲೆ ಹಿಡಿದಿರ್ತಾರೆ, ಇನ್ನೊಂದರಲ್ಲಿ ಮಣಿಕಟ್ಟು ಹಿಡಿದಿರ್ತಾರೆ. ಆಮೇಲೆ ಕಂಪ್ಯೂಟರಲ್ಲಿ ಹಿಡಿದ ಕೈಗಳನ್ನೆಲ್ಲ ಅಳಿಸಿಬಿಡ್ತಾರೆ. ದಯವಿಟ್ಟು ಇದನ್ನು ಮನೇಲಿ ಪ್ರಯತ್ನ ಮಾಡಬೇಡಿ, ಮಗುವಿನ ಕತ್ತಿಗೆ ಅಪಾಯ. ಅಂದು ಬಟ್ಟೆ ಮುಚ್ಚಿದ್ದರು, ಇಂದು ಸಾಫ್ಟ್‌ವೇರಿನಲ್ಲಿ ಒರೆಸ್ತಾರೆ. ಎರಡು ಕಡೆಯೂ ಮರೆಯಾಗೋದು ಮಗುವನ್ನು ಹಿಡಿದವರೇ.

ನನ್ನದೂ ಅಂಥದೊಂದು ಫೋಟೋ ಇದೆ. ನನ್ನ ಬಾಲ್ಯದ್ದು ಅಂತ ಇರೋದೇ ಅದೊಂದು. ಒಂದು ವರ್ಷ ತುಂಬಿದಾಗ ಬಸ್ಸಲ್ಲಿ ಪೇಟೆಗೆ ಕರ್ಕೊಂಡು ಹೋಗಿ ಸ್ಟುಡಿಯೋದಲ್ಲಿ ತೆಗೆಸಿದ ಕಪ್ಪುಬಿಳುಪಿನ ಫೋಟೋ. ಹಿಂದೆ ಪರದೆಯ ಮೇಲೆ ಬರೆದ ಕೊಳ, ಹಂಸ. ಮುಂದೆ ಸ್ಟೂಲಿನ ಮೇಲೆ ನಾನು, ಕೆನ್ನೆಗೆ ರೂಪಾಯಿಯಗಲದ ದೃಷ್ಟಿಬೊಟ್ಟು, ಕಣ್ಣಲ್ಲಿ ಈಗಲೋ ಆಗಲೋ ಅನ್ನೋ ಅಳು. ಎಡಗಡೆ ಅಂಚಿನಲ್ಲಿ ಪರದೆ ಸಂದಿಯಿಂದ ಬಂದ ಒಂದು ಕೈ ನನ್ನ ಸೊಂಟ ಹಿಡಿದಿದೆ. ಮೊಣಕೈವರೆಗೂ ಕಾಣುತ್ತೆ, ತುಂಬ ಗಾಜಿನ ಬಳೆ. ಅದು ನಮ್ಮವ್ವನ ಕೈ. ಅವ್ವನಿಗೆ ಆಗ ಇಪ್ಪತ್ತೊಂದು ವರ್ಷ. ಅವ್ವನ ಮದುವೆಗೆ ಫೋಟೋದವರನ್ನು ಕರೆಸಿರಲಿಲ್ಲ. ಮೂವತ್ತು ದಾಟೋವರೆಗೂ ಅವ್ವನದು ಬೇರೆ ಒಂದೂ ಫೋಟೋ ಇಲ್ಲ. ಹಾಗಾಗಿ ಇಪ್ಪತ್ತೊಂದರ ಹರೆಯದ ನಮ್ಮವ್ವ ಅಂದ್ರೆ ನನಗೆ ಆ ಕೈ ಅಷ್ಟೇ.

ಹೋದ ವರ್ಷ ಅದನ್ನು ಸ್ಕ್ಯಾನ್ ಮಾಡಿ, ದೊಡ್ಡದು ಮಾಡಿ ಅವ್ವನಿಗೆ ತೋರಿಸಿದೆ. ಅವ್ವ ನನ್ನನ್ನು ನೋಡಲೇ ಇಲ್ಲ. ಬಳೆ ನೋಡಿತು. "ಇವು ಹಸಿರು ಬಳೆ ಕಣೋ. ಜಾತ್ರೇಲಿ ನಿಮ್ಮಜ್ಜಿ ತೊಡಿಸಿದ್ದು. ಬರ್ತಾ ಬಸ್ಸಲ್ಲಿ ನೂಕಾಟಕ್ಕೆ ನಾಕು ಒಡೆದೋದ್ವು" ಅಂತು. ಆಮೇಲೆ ಅರ್ಧ ಗಂಟೆ ಆ ದಿನದ ಬಗ್ಗೆ ಮಾತಾಡಿತು. ಬಸ್ ಚಾರ್ಜು ಎಷ್ಟಿತ್ತು, ನಾನು ಎಲ್ಲಿ ವಾಂತಿ ಮಾಡ್ಕೊಂಡೆ, ಅಪ್ಪ ಸ್ಟುಡಿಯೋದವನ ಹತ್ರ ಎಷ್ಟು ಚೌಕಾಸಿ ಮಾಡಿದ್ರು, ಎಲ್ಲ. ಸ್ಟುಡಿಯೋದವನು ಆ ಕೈಯನ್ನು ಕತ್ತರಿಸಿ ಕೊಟ್ಟಿದ್ದಿದ್ರೆ ಇದರಲ್ಲಿ ಒಂದು ಮಾತೂ ಹೊರಗೆ ಬರ್ತಿರಲಿಲ್ಲ.

ಆ ಬಳೆ ತೊಡಿಸಿದ ಅಜ್ಜಿಯದು ಇನ್ನೊಂದು ಕಥೆ. ಅವ್ವ ಹೊಲಕ್ಕೆ ಹೋಗ್ತಿದ್ದಾಗ ನನ್ನನ್ನು ಸಾಕಿದ್ದು ಅಜ್ಜಿ. ಅಜ್ಜಿ ತೀರಿಕೊಂಡ ಮೇಲೆ ತಿಥಿಗೆ ಫೋಟೋ ಬೇಕು ಅಂತ ಮನೆಯೆಲ್ಲ ಹುಡುಕಿದ್ರೂ ಸಿಕ್ಕಿದ್ದು ಎಲೆಕ್ಷನ್ ಕಾರ್ಡು ಮಾತ್ರ. ಹಳ್ಳಿ ಕಡೆ ಗೋಡೆ ಮೇಲಿರೋ ಎಷ್ಟೋ ಹಿರಿಯರ ಫೋಟೋಗಳ ಮೂಲ ಇದೇ. ಅಂಚೆ ಚೀಟಿಯಷ್ಟು ಚಿತ್ರವನ್ನು ಸ್ಟುಡಿಯೋದವರು ಎರಡಡಿಗೆ ಹಿಗ್ಗಿಸಿ, ಅಜ್ಜಿಗೆ ಕೆಂಪು ರೇಷ್ಮೆ ಸೀರೆ ಉಡಿಸಿ, ಹಿಂದೆ ನೀಲಿ ಆಕಾಶ ಹಾಕಿ ಕೊಟ್ಟರು. ಊದುಬತ್ತಿ ಹಚ್ಚುವಾಗೆಲ್ಲ ಅನ್ನಿಸುತ್ತೆ, ಇದು ಅಜ್ಜಿಯ ಯಾರೋ ದೂರದ ನೆಂಟರ ಫೋಟೋ ಅಂತ. ನಾನು ಬಲ್ಲ ಅಜ್ಜಿ ಎಲೆ ಅಡಿಕೆ ಜಗೀತಾ ಒಂದು ಸೊಂಟದ ಮೇಲೆ ಕೊಡ, ಇನ್ನೊಂದು ಸೊಂಟದ ಮೇಲೆ ನನ್ನನ್ನು ಇಟ್ಕೊಂಡು ಬರ್ತಿತ್ತು. ಅದು ಈಗ ನನ್ನ ತಲೆಯೊಳಗೆ ಬಿಟ್ಟು ಬೇರೆಲ್ಲೂ ಇಲ್ಲ.

ನಾವು ಮಗುವಿನ ಫೋಟೋ ತೆಗೀತಿರೋದು ಯಾರಿಗೋಸ್ಕರ? ಇವತ್ತು ಗ್ರೂಪಲ್ಲಿ "ಸೋ ಕ್ಯೂಟ್" ಅನ್ನೋರಿಗೆ ಯಾವ ಫೋಟೋ ಆದ್ರೂ ನಡೆಯುತ್ತೆ. ಇಪ್ಪತ್ತೈದು ವರ್ಷ ಬಿಟ್ಟು ನೋಡೋಳು ಮಗಳು. ತಾನು ಗುಂಡಗಿದ್ದೆ ಅನ್ನೋದನ್ನು ನೋಡೋಕೆ ಅವಳಿಗೆ ನಾಲ್ಕು ಫೋಟೋ ಸಾಕು. ತನ್ನನ್ನು ಯಾರು ಎತ್ತಿ ಆಡಿಸಿದ್ರು, ಆಗ ಅಮ್ಮ ಹೇಗಿದ್ದಳು, ಅಜ್ಜಿಯ ಕೈಬಳೆ ಯಾವುದು, ಗೋಡೆಗೆ ಯಾವ ಬಣ್ಣ ಇತ್ತು ಅಂತ ಅವಳು ಕೇಳ್ತಾಳೆ. ಅದಕ್ಕೇ ಮಗಳ ಫೋಟೋಗಳಲ್ಲಿ ನಾನು ಕೈಗಳನ್ನು ಉಳಿಸ್ತೀನಿ. ಹಿಂದೆ ಒಣಗಿ ಹಾಕಿದ ಬಟ್ಟೆ, ಗೋಡೆಗೆ ಒರಗಿಸಿದ ಕಾಯಿ ಸುಲಿಯೋ ಕಬ್ಬಿಣ ಕಂಡ್ರೂ ಇರಲಿ ಅಂತ ಬಿಡ್ತೀನಿ.

"ಬ್ಯಾಡ" ಅನ್ನೋರನ್ನು ಫೋಟೋದೊಳಗೆ ತರೋದು ಹೇಗೆ ಅಂತೀರಾ? ಪೋಸ್ ಕೊಡಿ ಅನ್ನಬೇಡಿ, ಸೆಟೆದು ನಿಲ್ತಾರೆ. ಕೆಲಸದಲ್ಲಿದ್ದಾಗ ತೆಗೀರಿ. ನಮ್ಮತ್ತೆ ಬಚ್ಚಲಲ್ಲಿ ಮಣೆ ಮೇಲೆ ಕೂತು, ಕಾಲು ನೀಡಿ, ಕಣಕಾಲ ಮೇಲೆ ಮಗುವನ್ನು ಮಲಗಿಸಿಕೊಂಡು ನೀರು ಹುಯ್ಯುವಾಗ ಅವರಿಗೆ ಕ್ಯಾಮೆರಾ ನೆನಪೇ ಇರ್ತಿರಲಿಲ್ಲ. ಮೊದಲೇ ಕೇಳಿ ಒಪ್ಪಿಸಿದ್ದೆ, "ಮಗೂದೇ ತೆಗಿಯೋದು, ನಿಮ್ಮ ಕೈ ಬಂದ್ರೆ ಬರಲಿ" ಅಂತ. ಹಂಡೆ ನೀರಿನ ಹಬೆಗೆ ಲೆನ್ಸು ಮಂಜಾಗುತ್ತೆ. ಐದು ನಿಮಿಷ ಮುಂಚೆ ಕ್ಯಾಮೆರಾನ ಬಚ್ಚಲಲ್ಲೇ ಇಟ್ಟಿದ್ರೆ ಹೊಂದಿಕೊಳ್ಳುತ್ತೆ. ಅವರ ಭುಜದ ಹಿಂದಿನಿಂದ ತೆಗೆದ್ರೆ ಮಗುವಿನ ಮಾನಕ್ಕೂ ತೊಂದರೆ ಇಲ್ಲ. ಕಣ್ಣಿಗೆ ನೀರು ಹೋಗದ ಹಾಗೆ ಹಣೆಗೆ ಅಡ್ಡ ಹಿಡಿದ ಅವರ ಎಡಗೈ, ಅದರ ಕೆಳಗೆ ಬಾಯಿ ತೆರೆದ ಮಗಳು. ಆರು ಸಾವಿರದಲ್ಲಿ ಒಂದನ್ನೇ ಇಟ್ಕೋ ಅಂದ್ರೆ ನಾನು ಅದನ್ನು ಇಟ್ಕೊಳ್ತೀನಿ.

ಹೆಂಡತಿ ಮಗುವಿನ ಜೊತೆ ನಿದ್ದೆ ಹೋಗಿರೋದನ್ನೂ ತೆಗೆದಿದ್ದೀನಿ. ಕೆದರಿದ ತಲೆ, ಕಿವಿಗೆ ಹತ್ತಿ, ತಲೆಗೆ ಸ್ಕಾರ್ಫು. ಎದ್ದ ಮೇಲೆ ತೋರಿಸಿ, "ಇರಲಾ, ಅಳಿಸಲಾ?" ಅಂತ ಕೇಳ್ತೀನಿ. "ಇರಲಿ, ಯಾರಿಗೂ ಕಳಿಸ್ಬೇಡಿ ಅಷ್ಟೇ" ಅಂತಾಳೆ. ಆ ಮಾತು ಮೀರಿಲ್ಲ. ದಿನಕ್ಕೊಂದು ಸಲ ಕ್ಯಾಮೆರಾ ಅವಳ ಕೈಗೂ ಕೊಡ್ತೀನಿ. ಇಲ್ಲಾಂದ್ರೆ ಈ ಮಗುವಿಗೆ ಅಪ್ಪನೇ ಇರಲಿಲ್ಲ ಅಂತ ಮುಂದೆ ಯಾರಾದ್ರೂ ತಿಳ್ಕೊಂಡಾರು.

ಯಾರಿಗೂ ಕಳಿಸಬೇಡಿ ಅನ್ನೋದು ನಮ್ಮ ಹಿರಿಯರ ಮಾತೂ ಹೌದು. ಮೂರು ತಿಂಗಳು ತುಂಬೋವರೆಗೆ ಮಗುವಿನ ಮುಖ ಫೋಟೋ ತೆಗೀಬಾರದು, ದೃಷ್ಟಿಯಾಗುತ್ತೆ ಅಂತ ಅತ್ತೆ ಪಟ್ಟು ಹಿಡಿದಿದ್ರು. ಮನೆಯವರು ನೋಡೋಕೆ ಮಾತ್ರ ಅಂತ ಮಾತು ಕೊಟ್ಟ ಮೇಲೆ ಸಡಿಲಾದ್ರು. ಸಾಫ್ಟ್‌ವೇರ್ ಕೆಲಸದವನಾಗಿ ಹೇಳ್ತೀನಿ, ಈ ದೃಷ್ಟಿ ವಿಷಯದಲ್ಲಿ ನಾನೀಗ ಅತ್ತೆ ಪಕ್ಷ. ಒಂದು ಸಲ ಆಚೆ ಬಿಟ್ಟ ಫೋಟೋವನ್ನು ವಾಪಸ್ ಕರೆಸೋಕೆ ಆಗಲ್ಲ. ಫೋನಲ್ಲಿ ಲೊಕೇಶನ್ ಆನ್ ಆಗಿದ್ರೆ ಫೋಟೋದ ಒಳಗೆ ತೆಗೆದ ಜಾಗ, ದಿನ, ಹೊತ್ತು ಎಲ್ಲ ಸೇರಿಕೊಂಡಿರುತ್ತೆ. ಬಟ್ಟೆ ಇಲ್ಲದ ಫೋಟೋ ಎಲ್ಲಿಗೂ ಹಾಕಬೇಡಿ. ಇಷ್ಟು ಮಾಡಿದ್ರೆ ಒಂದು ದೃಷ್ಟಿಬೊಟ್ಟು ಇಟ್ಟ ಹಾಗೆ.

ಕೊನೇದಾಗಿ, ಇಟ್ಟುಕೊಳ್ಳೋದು. ನಮ್ಮ ಕಸುಬಲ್ಲಿ ಮೂರು-ಎರಡು-ಒಂದು ಅಂತ ಸೂತ್ರ ಇದೆ. ಪ್ರತಿಗಳು ಮೂರು, ಎರಡು ಬೇರೆ ಬೇರೆ ಬಗೆಯ ಜಾಗದಲ್ಲಿ, ಒಂದು ಮನೆಯಿಂದ ಆಚೆ. ನಮ್ಮದು ಲ್ಯಾಪ್‌ಟಾಪಲ್ಲಿ ಒಂದು, ಹಾರ್ಡ್‌ಡಿಸ್ಕಲ್ಲಿ ಒಂದು, ಮೂರನೇದು ಪೆನ್‌ಡ್ರೈವಲ್ಲಿ ನಮ್ಮತ್ತೆಯ ಬೀರುವಿನ ರೇಷ್ಮೆ ಸೀರೆಗಳ ನಡುವೆ. ವಾಟ್ಸಾಪಿನಲ್ಲಿ ಸುಮ್ಮನೆ ಫೋಟೋ ಕಳಿಸಿದ್ರೆ ಅದು ಕುಗ್ಗಿಸಿಬಿಡುತ್ತೆ, ಮೂಲ ಹಾಗೇ ಬೇಕಾದ್ರೆ ಡಾಕ್ಯುಮೆಂಟ್ ಅಂತ ಕಳಿಸಿ. ತಿಂಗಳಿಗೊಂದು ದಿನ ಕೂತು ಚೆನ್ನಾಗಿರೋ ಹತ್ತು ಆರಿಸಿ. ವರ್ಷಕ್ಕೆ ಅದರಲ್ಲಿ ಮೂವತ್ತನ್ನು ಪ್ರಿಂಟ್ ಹಾಕಿಸಿ ಆಲ್ಬಮ್ ಮಾಡಿ. ನಮ್ಮವ್ವನಿಗೆ ಪಾಸ್‌ವರ್ಡ್ ಗೊತ್ತಿಲ್ಲ, ಆಲ್ಬಮ್ ತಿರುವೋದು ಗೊತ್ತು.

ಪ್ರಿಂಟ್ ಹಾಕಿಸಿದ ಮೇಲೆ ಪ್ರತಿಯೊಂದರ ಹಿಂದೆ ಮೆತ್ತಗೆ ಪೆನ್ಸಿಲಿನಲ್ಲಿ ತಾರೀಕು, ಊರು, ಫೋಟೋದಲ್ಲಿರೋರ ಹೆಸರು ಬರೀರಿ. ಮುಖ ಕಾಣದೆ ಬರೀ ಕೈ ಕಂಡಿದ್ರೂ ಅದು ಯಾರ ಕೈ ಅಂತ ಬರೀರಿ.